ಅಜ್ಜಿಗೆ ಕೊಟ್ಟ ಪದಗಳು

ವಾಲ್ಯಾ ನುಕುಲುಯ್, ಮೊಲ್ಡೋವಾ
ಶುಕ್ರವಾರ, ೧೬ ಡಿಸೆಂಬರ್ ೨೦೦೫

ನನ್ನ ಪ್ರೀತಿಯ ಅಗ್ರಿಪಿನಾ,

ಹೇಗಿದ್ದೀಯೆ? ಮೊಣಕಾಲು ಹೇಗಿದೆ? ನಿನ್ನ ಯಜಮಾನಿ ಮುದುಕಿಯನ್ನು ಸ್ನಾನದ ತೊಟ್ಟಿಯಿಂದ ಒಬ್ಬಳೇ ಎತ್ತಬೇಡವೆಂದು ಹೋದ ಸಲವೂ ಬರೆದಿದ್ದೆ, ಅದಕ್ಕೆ ಮೊದಲೂ ಬರೆದಿದ್ದೆ. ಎತ್ತುತ್ತಲೇ ಇದ್ದೀಯೆ ಎಂದು ನನಗೆ ಗೊತ್ತು. ಪಾದೋವಾದಲ್ಲಿ ಇಲ್ಲಿಯಷ್ಟು ಚಳಿ ಇರುವುದಿಲ್ಲ ಎನ್ನುತ್ತಾರೆ, ಆದರೆ ಒದ್ದೆ ಚಳಿ ಒಣ ಚಳಿಗಿಂತ ಕೆಟ್ಟದ್ದು, ಎಲುಬಿಗೆ ಇಳಿಯುತ್ತದೆ. ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ. ಬೂದು ಬಣ್ಣದ್ದು ನಿನ್ನ ಅಮ್ಮ ಹೆಣೆದದ್ದು. ಒಂದರ ಹಿಮ್ಮಡಿ ಬಾಕಿ ಉಳಿದಿತ್ತು, ಪಕ್ಕದ ಮನೆ ಪರಸ್ಕೀವಾ ಮುಗಿಸಿಕೊಟ್ಟಳು. ಎಲ್ಲಿಯವರೆಗೆ ಅಮ್ಮನ ಕೈ, ಎಲ್ಲಿಂದ ಪರಸ್ಕೀವಾಳ ಕೈ ಎಂದು ಹುಡುಕುತ್ತ ಕೂರಬೇಡ, ಹಾಕಿಕೊ.

ಈ ಕಾಗದವನ್ನು ಅಕ್ರೋಟಿನ ಚೀಲದ ತಳದಲ್ಲಿ ಇಡುತ್ತೇನೆ. ಇಟಲಿಗೆ ಗಂಟುಮೂಟೆ ಒಯ್ಯುವ ವ್ಯಾನಿನ ಪ್ರೊಕೋಪ್ ಮೂರು ಗಂಟೆಗೆ ಹೊರಡುತ್ತಾನೆ, ಈಗಾಗಲೇ ಒಂದೂವರೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯೆ. ಫೋನ್ ಇರುವುದು ಮುಂದಿನ ಕೋಣೆಯಲ್ಲಿ, ರುಕ್ಸಂದಾ ಕೂತಿರುವುದೂ ಅಲ್ಲೇ. ನಾನು ಹಿಂದಿನ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಬರೆಯುತ್ತಿದ್ದೇನೆ. ನನ್ನ ಬರಹ ನಿನಗೆ ಗೊತ್ತು, ಏಳನೆಯ ತರಗತಿಗೆ ನಿಂತದ್ದು, ಅದೂ ಹಳೆಯ ರಷ್ಯನ್ ಅಕ್ಷರ. ಮಗಳು ಈ ಅಕ್ಷರಗಳನ್ನು ಕಷ್ಟಪಟ್ಟು ಓದುತ್ತಾಳೆ, ಆದರೆ ಓದುತ್ತಾಳೆ. ಆದ್ದರಿಂದ ಓದಿದ ಮೇಲೆ ಒಲೆಗೆ ಹಾಕು. ಅಲ್ಲಿ ಒಲೆ ಇಲ್ಲವೆಂದಿದ್ದೆ. ಹಾಗಾದರೆ ಹರಿದು ಬಿಡು. ಚಿಕ್ಕ ಚೂರುಗಳಾಗಿ ಹರಿ.

ನಿನ್ನ ಅಮ್ಮ ಹೋದ ನಲವತ್ತನೆಯ ದಿನದ ಕಾರ್ಯ ಶನಿವಾರ ಆಯಿತು. ಏನೂ ಕಮ್ಮಿಯಾಗಲಿಲ್ಲ. ಉಪವಾಸದ ತಿಂಗಳಾದ್ದರಿಂದ ಮಾಂಸವಿಲ್ಲ, ಅನ್ನ ತುಂಬಿದ ಎಲೆಕೋಸಿನ ಸುರುಳಿ, ಅರೆದ ಅವರೆಕಾಳು, ಉಪ್ಪಿನಕಾಯಿ, ಇಪ್ಪತ್ತನಾಲ್ಕು ಹೆಣೆದ ರೊಟ್ಟಿ. ಪಾದ್ರಿ ಬಂದು ಎಣ್ಣೆ, ವೈನು ಸುರಿದು ಮಂತ್ರ ಹೇಳಿದ. ಶಿಲುಬೆ ಸ್ವಲ್ಪ ಎಡಕ್ಕೆ ವಾಲಿದೆ, ಮಣ್ಣು ಇನ್ನೂ ಕೂತಿಲ್ಲ, ಅದನ್ನು ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ. ವಸಂತದಲ್ಲಿ ಸರಿ ಮಾಡೋಣ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿಯವರೆಗೆ ಬಿದ್ದರೆ? ಅದಿರಲಿ. ಅಮ್ಮನ ಹೆಸರಿನಲ್ಲಿ ಪೊಮಾನಾ ದಾನ ಕೊಡುವಾಗ ಒಂದು ಸಂಗತಿ ನಡೆಯಿತು, ಅದನ್ನೇ ಹೇಳಬೇಕು, ಆದರೆ ಹಿಂದಿನಿಂದ ಹೇಳದಿದ್ದರೆ ನನಗೆ ತಲೆ ಬುಡ ಸಿಗುವುದಿಲ್ಲ.

ಬೇಸಿಗೆಯಲ್ಲಿ ರುಕ್ಸಂದಾ ಆ ಪರೀಕ್ಷೆಯ ದಪ್ಪ ನೀಲಿ ಪುಸ್ತಕ ಹೊತ್ತು ಬಂದಳಲ್ಲ, ಮೂರೂವರೆ ಸಾವಿರ ಇಂಗ್ಲಿಷ್ ಪದಗಳದ್ದು. ಸಾಹಿತ್ಯ ಓದಲು ಹೊರದೇಶದವರು ಕರೆದುಕೊಳ್ಳಬೇಕಾದರೆ ಇವೆಲ್ಲ ಬಾಯಿಗೆ ಬರಬೇಕಂತೆ, ಅವರ ದೇಶದವರೇ ಆಡದ ಪದಗಳು. ನೀನು ಕಳಿಸಿದ ಪಾಸ್ತಾದ ಡಬ್ಬಿಗಳನ್ನು ನಿನ್ನ ಅಮ್ಮ ಎಸೆಯದೆ ಅಟ್ಟದ ಮೇಲೆ ಜೋಡಿಸಿಟ್ಟಿದ್ದಳು, ಎಂಟು ವರ್ಷದ್ದು. ಅಜ್ಜಿ ಮೊಮ್ಮಗಳು ಅವನ್ನು ಕತ್ತರಿಸಿ, ತಲೆಗೆ ಹತ್ತದ ಮುನ್ನೂರು ಪದಗಳಿಗೆ ಚೀಟಿ ಮಾಡಿದರು. ಒಳಗಿನ ಬಿಳಿ ಮೈಯಲ್ಲಿ ಇಂಗ್ಲಿಷ್ ಪದ ಮತ್ತು ನಮ್ಮ ಅರ್ಥ, ಹೊರಗೆ ಗೋಧಿತೆನೆಯ ಚೂರೋ ನೀಲಿ ಬಣ್ಣವೋ ಏನೋ ಒಂದು. ಅಂಗಳದಲ್ಲಿ ಅಕ್ರೋಟು ಸುಲಿಯುತ್ತ ಅಜ್ಜಿ ಅರ್ಥದ ಮೇಲೆ ಹೆಬ್ಬೆರಳಿಟ್ಟು ಒಂದೊಂದೇ ಚೀಟಿ ಎತ್ತಿ ತೋರಿಸುವಳು. ಓದು ಬಾರದ ನಿನ್ನ ಅಮ್ಮ ಬೆನ್ನಿನ ಬಣ್ಣ ನೋಡಿಯೇ ಪದ ಗುರುತಿಸಲು ಕಲಿತುಬಿಟ್ಟಳು. ಸರಿ ಹೇಳಿದರೆ ಅಕ್ರೋಟಿನ ತಿರುಳು ಮೊಮ್ಮಗಳ ಬಟ್ಟಲಿಗೆ, ತಪ್ಪಾದರೆ ಅಜ್ಜಿಯ ಬಾಯಿಗೆ. "ಹಲ್ಲಿಲ್ಲದೋಳಿಗೆ ಯಾಕೇ ಇಷ್ಟು ತಿನ್ನಿಸ್ತೀಯಾ, ಓದ್ಕೊಂಡು ಬಾ" ಎನ್ನುವಳು. ಉದ್ದುದ್ದ ಪದಗಳನ್ನು ಕಂಡು ನಾನು ಹೆದರಿದರೆ ಆಕೆ ನಗುವಳು. ಲ್ಯಾಕ್ರಿಮೋಸ್ ಎಂದರೆ ಅಳುಬುರುಕ ಎಂದು ರುಕ್ಸಂದಾ ಹೇಳಿದ ದಿನ, "ನಾವು ಕಣ್ಣೀರಿಗೆ ಲಾಕ್ರಿಮಾ ಅನ್ನೋದೇ ಅಲ್ವೇನೇ ಇದು? ನಮ್ಮದನ್ನೇ ಎತ್ಕೊಂಡು ಹೋಗಿ ಬಾಲ ಕಟ್ಟಿ ನಮಗೇ ಪರೀಕ್ಷೆ ಕೊಡ್ತಾರಾ?" ಎಂದಳು. ಉದ್ದ ಪದಗಳೆಲ್ಲ ಹಾಗೆ ನೆಂಟರಂತೆ ಒಳಗೆ ಬಂದುಬಿಡುತ್ತಿದ್ದವು. ಮಗಳನ್ನು ಕಾಡಿದ್ದು ಚಿಕ್ಕವು, ಒಂದೇ ಉಸಿರಿನವು, ಯಾವ ಮನೆಯವು ಎಂದು ತಿಳಿಯದಂಥವು. ನಾನು ಏಣಿಯ ಮೇಲೆ ದ್ರಾಕ್ಷಿ ಕೊಯ್ಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಆ ಬೇಸಿಗೆಯಲ್ಲಿ ನೀನೊಬ್ಬಳು ಇರಲಿಲ್ಲ, ಮತ್ತೇನೂ ಕೊರತೆ ಇರಲಿಲ್ಲ.

ನವೆಂಬರ್ ಒಂದರಂದು ಅಮ್ಮ ಹೋದಾಗ ಪರೀಕ್ಷೆಗೆ ಒಂಬತ್ತು ದಿನ ಇತ್ತು. ನಾನು ಮೊದಲು ಫೋನ್ ಮಾಡಿದ್ದು ನಿನಗೆ.  ನೀನು ಹೇಳಿದೆ, "ರುಕ್ಸಂದಾಗೆ ಹೇಳ್ಬೇಡ ತುದೋಸೆ. ಪರೀಕ್ಷೆ ಮುಗೀಲಿ. ಹೆತ್ತ ಮಗಳು ನಾನೇ ಬರಕ್ಕಾಗ್ತಿಲ್ಲ, ಕಾಗದಪತ್ರ ಇಲ್ಲ, ಬಂದ್ರೆ ತಿರುಗಿ ಒಳಗೆ ಬಿಡಲ್ಲ. ಎಂಟು ವರ್ಷ ಇಲ್ಲಿ ಬಿದ್ದಿರೋದು ಯಾತಕ್ಕೆ ಮತ್ತೆ?" ನಿನ್ನ ಮಾತು ತಪ್ಪು ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ನನಗೂ ಹಾಗೇ ಅನ್ನಿಸಿತ್ತು, ಆದರೆ ಬಾಯಿ ಬಿಟ್ಟು ಹೇಳುವ ಧೈರ್ಯ ನಿನ್ನದು. ಗೇಟಿಗೆ ಕಪ್ಪು ಬಟ್ಟೆ ಕಟ್ಟಿದೆ, ಚರ್ಚಿನ ಗಂಟೆ ಹೊಡೆಸಿದೆ, ಆಮೇಲೆ ರುಕ್ಸಂದಾ ಓದುವ ಕಿಶಿನೌಗೆ ಹೋಗುವ ಬಸ್ಸಿನ ಹತ್ತಿರ ನಿಂತು ಹತ್ತುವವರಿಗೆಲ್ಲ ಟೋಪಿ ತೆಗೆದು ಕೈ ಮುಗಿದೆ. ನನ್ನ ಮಗಳು ಕಂಡರೆ ಹೇಳಬೇಡಿ ಎಂದೆ. ಈ ಊರಿನಲ್ಲಿ ಕೋಳಿ ಮೊಟ್ಟೆ ಇಡುವ ಮೊದಲೇ ಸುದ್ದಿ ಹೊರಡುತ್ತದೆ. ಅಂಥ ಊರು ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿತು. ಪರಸ್ಕೀವಾ ಕೂಡ.

ಅಮ್ಮ ಹೋದ ಮಾರನೆಯ ದಿನ, ಬುಧವಾರದ ಸಂಗತಿ ನಿನಗೆ ಹೇಳಿಲ್ಲ. ಹೇಳಬಾರದು ಅಂದುಕೊಂಡಿದ್ದೆ. ಅಮ್ಮ ಮುಂದಿನ ಕೋಣೆಯಲ್ಲಿ ಮಲಗಿದ್ದಳು, ತಲೆಯ ಬಳಿ ಮೇಣದಬತ್ತಿ, ಸುತ್ತ ಹೆಂಗಸರು. ಪರಸ್ಕೀವಾ ಹಾಡಿ ಅಳುತ್ತಿದ್ದಳು, ನಿನ್ನ ಅಮ್ಮನ ಬದುಕನ್ನೆಲ್ಲ ಒಂದೊಂದಾಗಿ ಕರೆದು, ನಿನ್ನ ಹೆಸರನ್ನೂ ಕರೆದು. ಆಗ ಫೋನ್ ಬಡಿಯಿತು. ನೀನೇ ಎಂದುಕೊಂಡು ಎತ್ತಿದೆ. ರುಕ್ಸಂದಾ. ನಾನು ಅವಳ ಹೆಸರು ಹೇಳಿದ ಕೂಡಲೇ ಪರಸ್ಕೀವಾ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಉಳಿದವರೂ ಹಾಗೇ ಮಾಡಿದರು. ಹನ್ನೆರಡು ಹೆಂಗಸರು ಬಟ್ಟೆ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಅವಳು ಹೇಳಿದಳು, "ಅಪ್ಪಾ, ಸತ್ತೋರಿಗೆ ಹಾಡೋ ಹಾಡಿಗೆ ಇವರ ಹತ್ರ ನಾಲ್ಕೈದು ಪದ ಇದೆ. ಎಲಿಜಿ, ಡರ್ಜ್, ಥ್ರೆನೊಡಿ, ಎಲ್ಲಾ ಕಲಸಿಹೋಗ್ತಿದೆ. ಅಜ್ಜಿಗೆ ಫೋನ್ ಕೊಡು, ತಾತ ಹೋದಾಗ ಅವಳು ಹಾಡಿದ್ದನ್ನ ಎರಡು ಸಾಲು ಹಾಡಿದ್ರೆ ನನಗೆ ನೆನಪು ನಿಲ್ಲುತ್ತೆ." ನಾನು ಅಮ್ಮನ ಮುಖ ನೋಡಿದೆ. "ಮಲಗಿದಾಳೆ ಮಗಳೇ" ಎಂದೆ. "ಈ ಹೊತ್ತಲ್ಲಾ? ಹುಷಾರಿಲ್ವಾ?" "ಹುಷಾರಾಗಿದಾಳೆ. ಆಯಾಸ ಅಷ್ಟೆ." "ಎಬ್ಬಿಸ್ಬೇಡ ಬಿಡು" ಎಂದಳು ಪಾಪ. ಫೋನ್ ಇಟ್ಟ ಮೇಲೂ ಯಾರೂ ಬಾಯಿಂದ ಬಟ್ಟೆ ತೆಗೆಯಲಿಲ್ಲ. ಆಮೇಲೆ ಪರಸ್ಕೀವಾ, "ಹಾಡ್ಲಾ ತುದೋಸೆ?" ಎಂದು ನನ್ನನ್ನು ಕೇಳಿದಳು. ಸತ್ತವರ ಮನೆಯಲ್ಲಿ ಅಳಲು ಯಾರಾದರೂ ಅಪ್ಪಣೆ ಕೇಳುವುದುಂಟೇ?  ಮಾರನೆಯ ದಿನ ಮಣ್ಣಿಗೆ ಒಯ್ಯುವಾಗ ನಿನಗಾಗಿ ರಿಸೀವರನ್ನು ಕಿಟಕಿಯ ಕಟ್ಟೆಯ ಮೇಲೆ ತೆರೆದಿಟ್ಟಿದ್ದೆ, ಪಾದ್ರಿಯ ದನಿ ಕೇಳಲಿ ಎಂದು. ನಿನ್ನ ಫೋನ್ ಕಾರ್ಡು ಮುಗಿಯುವವರೆಗೆ ಕೇಳಿದೆಯಲ್ಲ. ನಿನಗೆ ಅಷ್ಟಾದರೂ ಸಿಕ್ಕಿತು.

ಪರೀಕ್ಷೆ ಮುಗಿಸಿ ರುಕ್ಸಂದಾ ಹನ್ನೆರಡರ ಶನಿವಾರ ಬಂದಳು. ಬಸ್ಸಿನಿಂದ ಇಳಿದ ಕೂಡಲೇ ನಾನೇ ಹೇಳಬೇಕೆಂದು ಮೂರು ದಿನ ಮಾತು ಜೋಡಿಸಿಕೊಂಡಿದ್ದೆ. ಬೆಳಿಗ್ಗೆಯಿಂದ ಮೇಲಿನ ನಿಲ್ದಾಣದಲ್ಲಿ ನಿಂತಿದ್ದೆ. ಅವಳು ಕೆಳಗಿನ ನಿಲ್ದಾಣದಲ್ಲಿ ಇಳಿದು ಸ್ಮಶಾನದ ಹಾದಿಯಲ್ಲಿ ಬಂದಳು. ಪರೀಕ್ಷೆ ಆದಾಗಲೆಲ್ಲ ಅವಳು ಮೊದಲು ತಾತನ ಗೋರಿಗೆ ಹೋಗಿ ಹೇಳಿ ಬರುವುದು ನನಗೆ ಮರೆತೇಹೋಗಿತ್ತು. ನೀನಿದ್ದಿದ್ದರೆ ನೆನಪಿಸುತ್ತಿದ್ದೆ. ತಾತನ ಪಕ್ಕದಲ್ಲಿ ಹೊಸ ಮಣ್ಣು, ಹೊಸ ಶಿಲುಬೆ, ಎವ್ದೋಕಿಯಾ ಎಂದು ಅಜ್ಜಿಯ ಹೆಸರು. ನಾನು ಮಧ್ಯಾಹ್ನ ಮನೆಗೆ ಬಂದಾಗ ಅವಳು ಅಜ್ಜಿಯ ಮಂಚದ ಮೇಲೆ ಕೂತಿದ್ದಳು. ಹಲ್ಲಿಲ್ಲದವರಿಗೆಂದು ತಂದ ಮೆತ್ತನೆಯ ಸಿಹಿಯ ಡಬ್ಬಿ ತೊಡೆಯ ಮೇಲಿತ್ತು. "ಯಾವತ್ತು?" ಎಂದಳು. ಹೇಳಿದೆ. ಬೆರಳು ಮಡಿಚಿ ಎಣಿಸಿದಳು. "ನಾನು ಫೋನ್ ಮಾಡಿದ ದಿನ ಮನೇಲಿ ಯಾರೋ ಉಸಿರಾಡೋದು ಕೇಳ್ತಿತ್ತು. ಅಜ್ಜಿ ಗೊರಕೆ ಅನ್ಕೊಂಡೆ." ಇಷ್ಟು ಹೇಳಿ, ಇನ್ನೊಂದು ಮಾತನ್ನೂ ಹೇಳಿದಳು. "ಆ ಸತ್ತೋರ ಹಾಡಿನ ಪದ ಪರೀಕ್ಷೇಲಿ ಬಂತು ಅಪ್ಪಾ. ಸರಿಯಾಗೇ ಗುರುತು ಹಾಕಿದೆ." ಬೈದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಕಿಶಿನೌಗೆ ಹೊರಟುಹೋದಳು. ಹಾಸ್ಟೆಲಿಗೆ ನೀನು ಮಾಡಿದ ಫೋನನ್ನೂ ಎತ್ತಲಿಲ್ಲ ಎಂದೆಯಲ್ಲ, ನನ್ನದನ್ನೂ ಎತ್ತಲಿಲ್ಲ.

ಈಗ ಶನಿವಾರದ ಸಂಗತಿ. ನಲವತ್ತಕ್ಕೆ ಅವಳು ಬಂದಳು, ಬರುವುದಿಲ್ಲವೇನೋ ಎಂದು ಹೆದರಿದ್ದೆ. ಬಂದವಳೇ ಒಲೆಯ ಮೇಲೆ ನೂಲಿನಲ್ಲಿ ಪೋಣಿಸಿ ತೂಗುಹಾಕಿದ್ದ ಚೀಟಿಗಳನ್ನೆಲ್ಲ ಇಳಿಸಿದಳು. ಸತ್ತವಳ ಹೆಸರಿನಲ್ಲಿ ಇಲ್ಲಿ ಕೊಟ್ಟದ್ದು ಅಲ್ಲಿ ಅವಳ ಕೈ ಸೇರುತ್ತದೆ, ಆದ್ದರಿಂದ ಅವಳು ಬಳಸಿದ್ದನ್ನೇ ಕೊಡಬೇಕು, ಇದು ಎಲ್ಲರಿಗೂ ಗೊತ್ತಿರುವುದೇ. ನಾನು ಹೊದಿಕೆ, ಬಟ್ಟಲು, ಹೂಜಿ, ಟವೆಲು ಸಿದ್ಧ ಮಾಡಿದ್ದೆ. ಅವಳು ಒಂದೊಂದು ರೊಟ್ಟಿಗೆ ಮೇಣದಬತ್ತಿ ಸಿಕ್ಕಿಸಿ, ಅದರ ಕೆಳಗೆ ಹತ್ತು ಹದಿನೈದು ಚೀಟಿಗಳ ಕಟ್ಟು ಕಟ್ಟಿದಳು. ಪಾದ್ರಿ ಕಣ್ಣು ಕಿರಿದು ಮಾಡಿ ನೋಡಿದ. "ಅಜ್ಜಿ ದಿನಾ ಮುಟ್ಟಿದ್ದು ಇದನ್ನೇ" ಎಂದಳು. ಆತ ಆ ಕಟ್ಟುಗಳ ಮೇಲೂ ಶಿಲುಬೆಯ ಗುರುತು ಮಾಡಿದ. ಮುದುಕಿಯರು ಸಾಲಾಗಿ ಬಂದು, ಒಂದಕ್ಷರ ತಿಳಿಯದ ಆ ಇಂಗ್ಲಿಷ್ ಪದಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು "ದೇವರು ಅವಳನ್ನ ಕ್ಷಮಿಸಲಿ" ಎಂದು ಹೇಳಿ ಹೋದರು. ನಾನೂ ಸಾಲಿನಲ್ಲಿ ನಿಂತಿದ್ದೆ ಅಗ್ರಿಪಿನಾ. ಮನೆಯವರು ತೆಗೆದುಕೊಳ್ಳುವಂತಿಲ್ಲ ಎಂದು ಗೊತ್ತು, ಆದರೂ ನಿಂತೆ. ಅವಳು ನನ್ನ ಹಿಂದಿನವರಿಗೆ ಕೈ ಚಾಚಿ ಕೊಟ್ಟಳು.

ಹೊರದೇಶದ ಕಾಲೇಜುಗಳ ಅರ್ಜಿಯ ಫಾರಂಗಳು ಮೇಜಿನ ಮೇಲಿವೆ, ಮೂರು ಲಕೋಟೆ. ಜನವರಿ ಐದರೊಳಗೆ ಅಲ್ಲಿಗೆ ತಲುಪಬೇಕು, ಅಂದರೆ ಬರುವ ವಾರವೇ ಹೋಗಬೇಕು. ಪರೀಕ್ಷೆಯ ಅಂಕ ಅವಳ ಮೇಷ್ಟರೇ ಬೆರಗಾಗುವಷ್ಟು ಬಂದಿದೆ. ಅವಳು ಲಕೋಟೆ ಮುಟ್ಟುತ್ತಿಲ್ಲ. "ಪದ ಎಲ್ಲಾ ಅಜ್ಜಿಗೆ ಕೊಟ್ಬಿಟ್ಟೆ. ಇನ್ನು ನನ್ನ ಹತ್ರ ಏನೂ ಇಲ್ಲ" ಎನ್ನುತ್ತಾಳೆ. ಇದು ಹಟವೋ, ದುಃಖವೋ, ನನಗೆ ಕೊಡುವ ಶಿಕ್ಷೆಯೋ ತಿಳಿಯದೆ ಐದು ದಿನದಿಂದ ನನಗೆ ಊಟ ಸೇರುತ್ತಿಲ್ಲ. ನೀನು ಎಂಟು ವರ್ಷ ಪರರ ಮುದುಕಿಯನ್ನು ತೊಳೆದದ್ದು, ನಿನ್ನ ತಾಯಿಯನ್ನು ತೊಳೆಯಲು ಬರಲಾಗದ್ದು, ಎಲ್ಲ ಆ ಮೂರು ಲಕೋಟೆಗಳಲ್ಲಿದೆ. ಒಳ್ಳೆಯದು ಒಂದೇ ನಡೆದಿದೆ, ಅದನ್ನೂ ಬರೆಯುತ್ತೇನೆ. ಸೋಮವಾರ ಪರಸ್ಕೀವಾ ಬೇಲಿಯಾಚೆಯಿಂದ ಕರೆದಳು. "ಏ ಹುಡುಗೀ, ನನ್ನ ಪಾಲಿಗೆ ಬಂದಿದ್ದನ್ನ ದೇವರ ಪಟದ ಹತ್ರ ಇಟ್ಟಿದೀನಿ. ಏನಂತ ಗೊತ್ತಿಲ್ದೆ ಹೆಂಗೆ ಪ್ರಾರ್ಥನೆ ಮಾಡ್ಲಿ? ಮೇಲಿಂದು ಓದಿ ಹೇಳು." ರುಕ್ಸಂದಾ ನೋಡಿ, "ಗ್ಯಾರುಲಸ್. ಬಾಯಿಬಡುಕಿ ಅಂತ" ಎಂದಳು. "ನೋಡ್ಕೊಂಡೇ ಕೊಟ್ಯಾ ನನಗೆ? ಹನ್ನೊಂದು ದಿನ ಬಾಯಿಗೆ ಬಟ್ಟೆ ತುರುಕ್ಕೊಂಡಿದ್ದೋಳಿಗೆ?" ಮಗಳ ತುಟಿಯ ಒಂದು ಮೂಲೆ ಅಲುಗಿತು, ನಾನು ಕಿಟಕಿಯಿಂದ ನೋಡಿದೆ. ಮಂಗಳವಾರ ಇನ್ನಿಬ್ಬರು ಬಂದರು, ಬುಧವಾರ ನಾಲ್ವರು, ಚೀಟಿಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು. ಅವಳು ಬೇಸರದಿಂದಲೇ ಹೇಳುತ್ತಾಳೆ, ಆದರೆ ಹೇಳುತ್ತಾಳೆ. ಚೀಟಿಯ ಬೆನ್ನು ನೋಡಿಯೇ, ಅಜ್ಜಿಯ ಹಾಗೆ.

ಒಂದು ಚೀಟಿ ಉಳಿದುಬಿಟ್ಟಿತ್ತು, ಅಮ್ಮನ ದಿಂಬಿನ ಒಳಗೆ ಸಿಕ್ಕಿತು. ನೀಲಿ ಬೆನ್ನಿನದು, ಒಂದು ಮೂಲೆಯಲ್ಲಿ ಅಕ್ರೋಟಿನ ಕಲೆ. ನಮ್ಮ ಅರ್ಥ ಬರೆದ ಜಾಗ ಆ ಕಲೆಯಲ್ಲೇ ಮುಳುಗಿದೆ. ಅವಳನ್ನು ಕೇಳಲು ನನಗೆ ಧೈರ್ಯವಿಲ್ಲ. ಈ ಕಾಗದದ ಮಡಿಕೆಯೊಳಗಿದೆ, ಬೀಳಿಸಬೇಡ. ಅವಳೊಡನೆ ಮಾತಾಡುವಾಗ ಅಕ್ಷರ ಒಂದೊಂದಾಗಿ ಓದಿ, ಇದೇನು ಎಂದು ಕೇಳು. ಕೇಳಿದವರಿಗೆ ಹೇಳದೆ ಇರಲು ಅವಳಿಗೆ ಬರುವುದಿಲ್ಲ. ಅಲ್ಲಿಂದ ಹಾಗೇ ಲಕೋಟೆಯ ಮಾತಿಗೆ ಬಾ. ನೀನು ಹೇಳಿದರೆ ಕಳಿಸಿಯಾಳು.

ಊಟ ಬಿಡಬೇಡ. ಗ್ಯಾಸ್ ಆರಿಸಿದ್ದೇನೆಯೇ ಎಂದು ಎರಡು ಸಲ ನೋಡು. ಉಪ್ಪಿನಕಾಯಿ ಜಾಡಿಯನ್ನು ಅಡ್ಡ ಮಲಗಿಸಬಾರದೆಂದು ಪ್ರೊಕೋಪನಿಗೆ ಹೇಳಿದ್ದೇನೆ, ಅವನು ಮಲಗಿಸುತ್ತಾನೆ, ಬಂದ ಕೂಡಲೇ ನೋಡಿಕೊ. ಪರಸ್ಕೀವಾ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು. ದೇವಮಾತೆ ನಿನ್ನ ಮೊಣಕಾಲನ್ನೂ ನಿನ್ನ ನಿದ್ದೆಯನ್ನೂ ಕಾಯಲಿ.

ನಿನ್ನವನೇ,
ತುದೋಸೆ

ತಾ.ಕ. ಪ್ರೊಕೋಪ್ ಹಾರನ್ ಹೊಡೆಯುತ್ತಿದ್ದಾನೆ, ಮುಖ್ಯವಾದದ್ದು ಉಳಿದುಬಿಟ್ಟಿತು. ಮೊನ್ನೆ ಬುಧವಾರ ರುಕ್ಸಂದಾ ನನ್ನೆದುರು ಬಂದು ನಿಂತು, "ಅಮ್ಮನಿಗೆ ಗೊತ್ತಿತ್ತಾ?" ಎಂದು ಕೇಳಿದಳು. ಇಲ್ಲ ಎಂದೆ. ನಿನಗೂ ಹೇಳಿರಲಿಲ್ಲ, ಪರೀಕ್ಷೆ ಮುಗಿದ ಮೇಲೆಯೇ ಹೇಳಿದೆ, ಎಲ್ಲ ನನ್ನ ತಲೆಯಲ್ಲೇ ಹುಟ್ಟಿದ್ದು ಎಂದೆ. ಅವಳು, "ಹಾಗಾದ್ರೆ ಭಾನುವಾರ ಅಮ್ಮನ ಫೋನ್ ನಾನೇ ಎತ್ತೀನಿ" ಎಂದಳು. ಒಂದು ತಿಂಗಳಿನಿಂದ ಅವಳು ಯಾರ ಫೋನನ್ನೂ ಎತ್ತಿರಲಿಲ್ಲ ಅಗ್ರಿಪಿನಾ. ಕಿಟಕಿಯ ಮೇಲಿಟ್ಟ ರಿಸೀವರಿನ ಸಂಗತಿ, ನಿನಗೆ ಆಗಲೇ ತಿಳಿದಿತ್ತು ಎನ್ನುವುದು, ಗೊತ್ತಿರುವುದು ಪರಸ್ಕೀವಾಗೆ ಮಾತ್ರ. "ನಿನ್ನ ಸುಳ್ಳಿಗೆ ನಾನೆಷ್ಟು ಉಪವಾಸ ಮಾಡ್ಲೋ" ಎಂದು ಬೈದಳು, ಆದರೆ ಬಾಯಿ ಬಿಡುವುದಿಲ್ಲ ಎಂದು ಒಪ್ಪಿದ್ದಾಳೆ. ನೀನು ಭಾನುವಾರ ಬೆಳಿಗ್ಗೆ ವ್ಯಾನು ನಿಲ್ಲುವ ಬಯಲಿಗೆ ಹೋಗಿ, ಇದನ್ನು ಓದಿದ ಮೇಲೆಯೇ ಫೋನ್ ಮಾಡು. ನಿನ್ನ ತಾಯಿಯನ್ನು ಮಣ್ಣು ಮಾಡುವಾಗ ನಿನಗೂ ತಿಳಿಸಲಿಲ್ಲ ಎಂದು ನನ್ನನ್ನು ಬೈ. ಅವಳ ಜೊತೆ ಸೇರಿಕೊಂಡು ಬೈ. ಇಬ್ಬರೂ ಅಳಿ. ನಮ್ಮಿಬ್ಬರಲ್ಲಿ ಅವಳಿಗೆ ಒಬ್ಬರಾದರೂ ಉಳಿಯಬೇಕು. ನಾನು ಆ ಹೊತ್ತಿಗೆ ಅಂಗಳದಲ್ಲಿ ಸೌದೆ ಒಡೆಯುತ್ತಿರುತ್ತೇನೆ, ನನ್ನನ್ನು ಕರೆಯಬೇಡ. ಬೈಯುವಾಗ ನಡುವೆ ಕನಿಕರ ತೋರಿಸಬೇಡ, ನಿನ್ನ ದನಿಯಲ್ಲೇ ಅವಳಿಗೆ ಗೊತ್ತಾಗಿಬಿಡುತ್ತದೆ.